ಕೋಚ್ ಒಳ್ಳೆಯವರೇ, ಆದರೂ ನಿಯಮ ಏಕೆ?

ಹವ್ಯಾಸಿ ಕ್ರೀಡಾ ಕ್ಲಬ್‌ಗಳಲ್ಲಿ ಮಕ್ಕಳ ಹಾಗೂ ಆಟಗಾರರ ಸುರಕ್ಷತೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪತ್ರಗಳನ್ನು ಕೂಡಿಸಿದ್ದೇವೆ. ಗುರುತು ಸಿಗುವ ವಿವರಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಚಿಕ್ಕ ಕ್ಲಬ್. ನಲವತ್ತು ಮಕ್ಕಳು, ಮೂವರು ಕೋಚ್‌ಗಳು, ಯಾರಿಗೂ ಸಂಬಳವಿಲ್ಲ, ಎಲ್ಲರೂ ಪರಿಚಿತರೇ. ಕೆಲವು ಪೋಷಕರು ‘ಸುರಕ್ಷತಾ ನೀತಿ’ ಬೇಕು ಎನ್ನುತ್ತಿದ್ದಾರೆ. ಕೋಚ್‌ಗಳಿಗೆ ಇದು ಅವಮಾನ ಅನ್ನಿಸಿದೆ. ನಿಜಕ್ಕೂ ಬೇಕೆ? ಬೇಕಿದ್ದರೆ ಎಲ್ಲಿಂದ ಶುರು ಮಾಡುವುದು? — ಕ್ಲಬ್ ಕಾರ್ಯದರ್ಶಿ

ಉತ್ತರ: ಬೇಕು. ಅವಮಾನದ ಮಾತನ್ನು ಮೊದಲು ಬಗೆಹರಿಸಿಕೊಳ್ಳಿ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಕಂಡುಹಿಡಿಯಲು ಯಾರೂ ನಿಯಮ ಮಾಡುವುದಿಲ್ಲ. ಅದು ಯಾರ ಕೈಲೂ ಆಗುವ ಕೆಲಸವಲ್ಲ. ಮಕ್ಕಳಿಗೆ ಕೇಡು ಮಾಡಿದವರಲ್ಲಿ ಹೆಚ್ಚಿನವರು ಮಗುವಿಗೂ ಮನೆಯವರಿಗೂ ಗೊತ್ತಿದ್ದವರೇ. ಇಂಗ್ಲೆಂಡಿನ ಫುಟ್‌ಬಾಲ್ ಕೋಚ್ ಬ್ಯಾರಿ ಬೆನೆಲ್ ಎಳೆಯ ಪ್ರತಿಭೆಗಳನ್ನು ಹುಡುಕುವುದರಲ್ಲಿ ಹೆಸರು ಮಾಡಿದ್ದ. ಆ ಹೆಸರಿನ ಬಲದಿಂದಲೇ ಹುಡುಗರನ್ನು ತನ್ನ ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದ. ಮಾಜಿ ಆಟಗಾರ ಆಂಡಿ ವುಡ್‌ವರ್ಡ್ 2016ರ ನವೆಂಬರಿನಲ್ಲಿ ತನ್ನ ಮೇಲೆ ಬೆನೆಲ್ ಎಸಗಿದ ಲೈಂಗಿಕ ದೌರ್ಜನ್ಯದ ಬಗ್ಗೆ ಹೆಸರು ಮುಚ್ಚಿಡದೆ ಮಾತಾಡಿದ ಮೇಲೆ ಇನ್ನೂ ಅನೇಕರು ಮುಂದೆ ಬಂದರು. 2018ರಲ್ಲಿ ಬೆನೆಲ್‌ಗೆ 30 ವರ್ಷ ಸೆರೆವಾಸವಾಯಿತು. ಪರಿಚಯ, ಹೆಸರು, ಗೆಲುವು ಇವು ಯಾವುದೂ ರಕ್ಷಣೆಯಲ್ಲ. ಯಾವ ದೊಡ್ಡವರೂ ಯಾವ ಮಗುವಿನ ಜೊತೆಗೂ ಇತರರ ಕಣ್ಣಿಗೆ ಬೀಳದ ಜಾಗದಲ್ಲಿ ಒಂಟಿಯಾಗಿ ಉಳಿಯದಂತೆ ಏರ್ಪಾಡು ಮಾಡುವುದಷ್ಟೇ ನಿಯಮದ ಕೆಲಸ. ಒಳ್ಳೆಯ ಕೋಚ್‌ಗೆ ಇದರಿಂದ ಲಾಭವೇ: ನಾಳೆ ಯಾರಾದರೂ ಇಲ್ಲದ್ದನ್ನು ಹೇಳಿದರೆ ನೋಡಿದವರು ಇರುತ್ತಾರೆ.

ಮೊದಲು ಮನುಷ್ಯರನ್ನು ಗೊತ್ತುಮಾಡಿ, ಕಾಗದ ಆಮೇಲೆ. ಸುರಕ್ಷತೆಯ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ, ಅವರು ಊರಲ್ಲಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರಿರಲಿ. ಇಬ್ಬರೂ ಕೋಚ್ ಆಗಿರಬಾರದು, ಮುಖ್ಯ ಕೋಚ್‌ನ ಹೆಂಡತಿ, ಗಂಡ, ಅಣ್ಣ, ತಮ್ಮ ಆಗಿರಬಾರದು. ಚಿಕ್ಕ ಕ್ಲಬ್‌ಗಳು ಎಡವುವುದೇ ಇಲ್ಲಿ: ಅಧ್ಯಕ್ಷರು, ಕೋಚ್, ದೂರು ಕೇಳುವವರು ಎಲ್ಲ ಒಂದೇ ಮನೆಯವರು. ಇವರ ಹೆಸರು, ಫೋನ್ ಸಂಖ್ಯೆ ಮಕ್ಕಳು ಓಡಾಡುವ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಇರಲಿ. ಪೋಷಕರ ಗುಂಪಿಗೆ ಕಳಿಸಿದರೆ ಮಕ್ಕಳಿಗೆ ತಲುಪಿದಂತಾಗುವುದಿಲ್ಲ.

ಎರಡನೆಯದು ಇಬ್ಬರು ದೊಡ್ಡವರ ನಿಯಮ. ಅಭ್ಯಾಸ ನಡೆಯುವಾಗ ಕನಿಷ್ಠ ಇಬ್ಬರು ಇರಬೇಕು. ಎರಡನೆಯವರು ಬರುವವರೆಗೆ ಅಭ್ಯಾಸ ಶುರುವಾಗಬಾರದು. ಎಷ್ಟು ಮಕ್ಕಳಿಗೆ ಎಷ್ಟು ಜನ ಎಂಬುದಕ್ಕೆ ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಸೂಚಿಸುವ ಲೆಕ್ಕ ಅನುಕೂಲವಾಗಿದೆ: 4ರಿಂದ 8 ವರ್ಷದ 6 ಮಕ್ಕಳಿಗೆ ಒಬ್ಬರು, 9ರಿಂದ 12ರವರಿಗೆ 8ಕ್ಕೆ ಒಬ್ಬರು, 13ರಿಂದ 18ರವರಿಗೆ 10ಕ್ಕೆ ಒಬ್ಬರು. ನಿಮ್ಮ ನಲವತ್ತು ಮಕ್ಕಳೂ ಒಂದೇ ಹೊತ್ತಿಗೆ ಬಂದರೆ ಮೂವರು ಸಾಲುವುದಿಲ್ಲ. ಪೋಷಕರ ಸರದಿ ಹಾಕಿ, ಅಥವಾ ತಂಡಗಳನ್ನು ಬೇರೆ ಬೇರೆ ಹೊತ್ತಿಗೆ ಕರೆಯಿರಿ.

ಕೋಚ್ ಮಗುವಿನೊಂದಿಗೆ ಒಬ್ಬರೇ ಮಾತಾಡಲೇಬಾರದು ಎಂದು ಇದರ ಅರ್ಥವಲ್ಲ. ಮಾತು ಇತರರಿಗೆ ಕೇಳಿಸಬೇಕಾಗಿಲ್ಲ, ಮಾತಾಡುವವರು ಕಾಣಿಸಿದರೆ ಸಾಕು. ಮೈದಾನದ ಅಂಚು ಸರಿ, ಸಾಮಾನಿನ ಕೋಣೆ ಸರಿಯಲ್ಲ. ನಿಯಮ ಸೋರುವ ಜಾಗಗಳು ಎಲ್ಲ ಕ್ಲಬ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ: ಬಾಗಿಲು ತೆರೆದ ಮೊದಲ ಹದಿನೈದು ನಿಮಿಷ, ಎಲ್ಲರೂ ಹೋದ ಮೇಲಿನ ಹದಿನೈದು ನಿಮಿಷ, ಬಟ್ಟೆ ಬದಲಿಸುವ ಕೋಣೆ, ವಾಹನ ನಿಲ್ಲಿಸುವ ಜಾಗ. ನೀತಿಯ ಕಾಗದ ಬರೆಯುವ ಮೊದಲು ಒಂದು ಸಂಜೆ ಈ ನಾಲ್ಕನ್ನೂ ಸುತ್ತಿ ನೋಡಿ.

ಕಾಗದ ಒಂದು ಪುಟ ಇರಲಿ. ದೊಡ್ಡ ಒಕ್ಕೂಟದ ಮೂವತ್ತು ಪುಟದ ನೀತಿಯನ್ನು ನಕಲು ಮಾಡಿ ಬೀರುವಿನಲ್ಲಿಟ್ಟರೆ ಪೋಷಕರಿಗೆ ಉತ್ತರ ಕೊಟ್ಟಂತಾಗುತ್ತದೆ, ಮತ್ತೇನೂ ಆಗುವುದಿಲ್ಲ.

ಪ್ರಶ್ನೆ: ಮಗಳಿಗೆ ಹದಿನಾಲ್ಕು. ಕೋಚ್ ರಾತ್ರಿ ಹತ್ತರ ಮೇಲೆ ಅವಳಿಗೆ ನೇರವಾಗಿ ಮೆಸೇಜ್ ಮಾಡುತ್ತಾರೆ. ಕೇಳಿದರೆ ‘ಅಭ್ಯಾಸದ ವೇಳಾಪಟ್ಟಿ ಅಷ್ಟೇ’ ಅನ್ನುತ್ತಾರೆ. ನಾನು ನೋಡಿದ್ದೂ ಅಷ್ಟೇ. ಸುಮ್ಮನಿರಲೇ? — ಒಬ್ಬ ತಾಯಿ

ಉತ್ತರ: ಸುಮ್ಮನಿರಬೇಡಿ, ಹಾಗೆಂದು ಕೂಗಾಡಲೂ ಬೇಡಿ. ವೇಳಾಪಟ್ಟಿಯಲ್ಲಿ ತಪ್ಪಿಲ್ಲ, ಅದನ್ನು ಕಳಿಸಿದ ದಾರಿ ತಪ್ಪು. ಹದಿನೆಂಟು ತುಂಬದ ಆಟಗಾರರಿಗೆ ಕ್ಲಬ್ಬಿನ ಸಂದೇಶ ಹೋಗಬೇಕಾದದ್ದು ಪೋಷಕರೂ ಇನ್ನೊಬ್ಬ ಜವಾಬ್ದಾರಿ ವ್ಯಕ್ತಿಯೂ ಇರುವ ಗುಂಪಿಗೆ, ಗೊತ್ತುಪಡಿಸಿದ ಹೊತ್ತಿನೊಳಗೆ. ಇದು ಒಬ್ಬ ಕೋಚ್‌ಗೆ ಹಾಕಿದ ಕಟ್ಟಲ್ಲ, ಎಲ್ಲರಿಗೂ. ಹಾಗಾಗಿ ಆರೋಪ ಹೊರಿಸದೆ ಕ್ಲಬ್ಬಿಗೆ ಬರೆಯಬಹುದು: ‘ಮಕ್ಕಳಿಗೆ ಒಂಟಿ ಮೆಸೇಜ್ ಬೇಡ, ಎಲ್ಲವೂ ಗುಂಪಿನಲ್ಲಿ ಬರಲಿ.’

ಇಷ್ಟು ಹೇಳಿದ ಮೇಲೆ ಎದುರಿನವರು ಏನು ಮಾಡುತ್ತಾರೆ ನೋಡಿ. ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಯೋಚಿಸದೆ ಮಾಡಿದವರು ‘ಸರಿ’ ಎಂದು ಮರುದಿನದಿಂದಲೇ ಬದಲಾಗುತ್ತಾರೆ. ಇನ್ನು ಕೆಲವರು ಮುನಿಸಿಕೊಳ್ಳುತ್ತಾರೆ, ‘ಅವಳಲ್ಲಿ ವಿಶೇಷ ಪ್ರತಿಭೆ ಇದೆ, ಅದಕ್ಕೇ’ ಅನ್ನುತ್ತಾರೆ, ಬೇರೆ ಆ್ಯಪ್‌ಗೆ ಹೋಗುತ್ತಾರೆ, ತಾನಾಗಿ ಅಳಿಸಿಹೋಗುವ ಮೆಸೇಜ್ ಕಳಿಸುತ್ತಾರೆ. ಮಗುವನ್ನು ಪಳಗಿಸಿಕೊಳ್ಳುವ ಕ್ರಮ ಒಂದೇ ದಿನದಲ್ಲಿ ನಡೆಯುವಂಥದ್ದಲ್ಲ. ಮೊದಲು ‘ನೀನು ಎಲ್ಲರಂತಲ್ಲ’, ಆಮೇಲೆ ಉಡುಗೊರೆ ಅಥವಾ ವಿನಾಯಿತಿ, ಆಮೇಲೆ ಗೆಳೆಯರಿಂದಲೂ ಮನೆಯವರಿಂದಲೂ ದೂರ ಮಾಡುವ ಮಾತು (‘ನಿಮ್ಮಮ್ಮನಿಗೆ ಆಟ ಅರ್ಥವಾಗಲ್ಲ’), ಆಮೇಲೆ ಚಿಕ್ಕ ಗುಟ್ಟು. ಆ ಚಿಕ್ಕ ಗುಟ್ಟನ್ನು ಮಗು ಕಾಪಾಡುತ್ತದೆಯೇ ಎಂದು ನೋಡಿಯೇ ಮುಂದಿನ ಹೆಜ್ಜೆ. ಪೋಷಕರನ್ನೂ ಹೀಗೆಯೇ ಒಲಿಸಿಕೊಳ್ಳುತ್ತಾರೆ: ಪುಕ್ಕಟೆ ತರಬೇತಿ, ಮನೆಗೆ ಬಿಡುವ ಉಪಕಾರ.

ಮಗಳ ಫೋನ್ ಕಸಿದುಕೊಂಡರೆ ಅವಳು ಮುಂದೆ ತೋರಿಸುವುದೇ ಇಲ್ಲ. ಇದು ಅವಳ ತಪ್ಪಲ್ಲ, ಕ್ಲಬ್ ಪಾಲಿಸಬೇಕಾದ ನಿಯಮ ಎಂದು ಮೊದಲೇ ಹೇಳಿ. ಮೆಸೇಜ್‌ಗಳನ್ನು ಅಳಿಸಬೇಡಿ, ದಿನಾಂಕ, ಹೊತ್ತು, ಕಳಿಸಿದ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅವಳ ಹೆಸರಿನಲ್ಲಿ ನೀವು ಉತ್ತರ ಬರೆದು ಪರೀಕ್ಷಿಸಬೇಡಿ, ಅದು ಮುಂದೆ ಸಾಕ್ಷ್ಯವನ್ನು ಹಾಳುಮಾಡುತ್ತದೆ. ಫೋಟೊ ಕೇಳಿದ್ದು, ಮೈಯ ಬಗ್ಗೆ ಮಾತು, ‘ಯಾರಿಗೂ ಹೇಳಬೇಡ’ ಎಂಬ ಸಾಲು ಕಂಡರೆ ಕ್ಲಬ್ಬಿನ ಉತ್ತರಕ್ಕೆ ಕಾಯಬೇಕಾಗಿಲ್ಲ. ನೇರ ಪೊಲೀಸರ ಬಳಿಗೆ ಹೋಗಿ. ಕೋಚ್‌ಗೆ ಫೋನ್ ಮಾಡಿ ಎಚ್ಚರಿಸಬೇಡಿ.

ಪ್ರಶ್ನೆ: ಹನ್ನೊಂದರ ಹುಡುಗನೊಬ್ಬ ‘ಸರ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು’ ಎಂದ. ಏನು ಹೇಳಬೇಕೋ ತೋಚದೆ ‘ನಾಳೆ ಮಾತಾಡೋಣ’ ಎಂದು ಕಳಿಸಿದೆ. ಇಂಥ ಹೊತ್ತಲ್ಲಿ ಏನು ಮಾಡಬೇಕು? — ಸ್ವಯಂಸೇವಕ ಕೋಚ್

ಉತ್ತರ: ಮೊದಲು, ನಾಳೆಯೇ ನೀವಾಗಿ ಅವನ ಬಳಿ ಹೋಗಿ ‘ನಿನ್ನೆ ನೀನು ಏನೋ ಹೇಳಬೇಕೆಂದಿದ್ದೆ, ಈಗ ನನಗೆ ಸಮಯವಿದೆ’ ಎನ್ನಿ. ಅವನು ಮತ್ತೆ ಕೇಳಲಿ ಎಂದು ಕಾದರೆ ಬಹುಶಃ ಕೇಳುವುದಿಲ್ಲ. ಹೇಳಲು ಒಲ್ಲೆ ಎಂದರೆ ಒತ್ತಾಯ ಬೇಡ. ಯಾವಾಗ ಬೇಕಾದರೂ ಬರಬಹುದು ಎಂದಷ್ಟೇ ಹೇಳಿ, ಹೀಗೆ ನಡೆಯಿತು ಎಂದು ಬರೆದಿಡಿ.

ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬೇಡಿ. ಮುರಿಯಲೇಬೇಕಾದ ಮಾತು ಅದು. ‘ನೀನು ಸುರಕ್ಷಿತವಾಗಿರಲು ಒಂದಿಬ್ಬರಿಗೆ ಹೇಳಬೇಕಾಗಬಹುದು, ಯಾರಿಗೆ ಎಂದು ನಿನಗೆ ಹೇಳಿಯೇ ಹೇಳುತ್ತೇನೆ’ ಎನ್ನಿ. ಹೆಚ್ಚಿನ ಮಕ್ಕಳು ಇದನ್ನು ಒಪ್ಪುತ್ತಾರೆ; ಹೇಳಲು ಬಂದದ್ದೇ ಅದು ನಿಲ್ಲಲಿ ಎಂದು.

ಆಮೇಲೆ ಕೇಳಿಸಿಕೊಳ್ಳಿ. ನಡುವೆ ಮೌನ ಬಂದರೆ ಬರಲಿ. ‘ಏನಾಯಿತು ಹೇಳು’, ‘ಆಮೇಲೆ?’ ಇಷ್ಟು ಸಾಕು. ‘ಅವರು ನಿನ್ನನ್ನು ಮುಟ್ಟಿದರಾ?’, ‘ಅದು ನಿಮ್ಮ ಮಾವನಾ?’ ಎಂಬಂಥ ಪ್ರಶ್ನೆ ಕೇಳಬಾರದು. ಉತ್ತರವನ್ನು ನಾವೇ ಬಾಯಿಗೆ ಇಟ್ಟಂತಾಗುತ್ತದೆ, ಮುಂದೆ ನ್ಯಾಯಾಲಯದಲ್ಲಿ ಮಗುವಿನ ಮಾತು ಸೋಲುವುದಕ್ಕೆ ಅದೊಂದೇ ಸಾಕಾಗಬಹುದು. ‘ಯಾಕೆ’ ಎಂದೂ ಕೇಳಬೇಡಿ. ‘ಯಾಕೆ ಅಲ್ಲಿಗೆ ಹೋದೆ’, ‘ಯಾಕೆ ಮೊದಲೇ ಹೇಳಲಿಲ್ಲ’ ಎಂಬುದು ಮಗುವಿನ ಕಿವಿಗೆ ಬೈಗುಳವಾಗಿಯೇ ಕೇಳುತ್ತದೆ. ಮುಖದಲ್ಲಿ ಸಿಟ್ಟು, ಅಸಹ್ಯ ಕಾಣಿಸಬಾರದು. ತನ್ನಿಂದ ನಿಮಗೆ ನೋವಾಯಿತೆಂದು ಮಗು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಗಾಯವಿದೆ ಎಂದರೆ ಬಟ್ಟೆ ಸರಿಸಿ ನೋಡುವುದು, ಫೋಟೊ ತೆಗೆಯುವುದು ನಿಮ್ಮ ಕೆಲಸವಲ್ಲ.

ಮುಗಿದಾಗ ಮೂರು ಮಾತು: ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪು ಏನೂ ಇಲ್ಲ, ಈಗ ನಾನು ಇಂಥವರಿಗೆ ತಿಳಿಸುತ್ತೇನೆ. ‘ಇನ್ನು ಎಲ್ಲ ಸರಿಹೋಗುತ್ತದೆ’ ಎನ್ನಬೇಡಿ. ಅದು ನಿಮ್ಮ ಕೈಯಲ್ಲಿಲ್ಲ.

ಆಗಲೇ, ಅಥವಾ ಒಂದು ಗಂಟೆಯೊಳಗೆ ಬರೆಯಿರಿ. ದಿನಾಂಕ, ಹೊತ್ತು, ಜಾಗ, ಸುತ್ತ ಯಾರಿದ್ದರು, ನೀವು ಕೇಳಿದ ಪ್ರಶ್ನೆ, ಮಗು ಹೇಳಿದ ಮಾತು. ಮಗುವಿನ ಪದಗಳನ್ನೇ ಬರೆಯಿರಿ. ದೇಹದ ಭಾಗಕ್ಕೆ ಅವನು ಮನೆಮಾತಿನ ಹೆಸರು ಹೇಳಿದರೆ ಅದೇ ಇರಲಿ, ವೈದ್ಯರ ಪದಕ್ಕೆ ತಿರುಗಿಸಬೇಡಿ. ನಿಮ್ಮ ಅನಿಸಿಕೆ ಬೇಕೆಂದರೆ ಪ್ರತ್ಯೇಕ ಸಾಲಿನಲ್ಲಿ, ಅನಿಸಿಕೆ ಎಂದೇ ಗುರುತಿಸಿ. ಸಹಿ ಹಾಕಿ ಅದೇ ದಿನ ಸುರಕ್ಷತೆಯ ಹೊಣೆ ಹೊತ್ತವರಿಗೆ ಕೊಡಿ. ಕರಡು ಚೀಟಿ ಹರಿಯಬೇಡಿ, ಅದನ್ನೂ ಲಗತ್ತಿಸಿ. ಆ ರಾತ್ರಿ ಅವನು ಮನೆಗೆ ಹೋಗುವುದೇ ಅಪಾಯ ಎನ್ನಿಸಿದರೆ ತುರ್ತು ಸಹಾಯಕ್ಕೆ ಕರೆ ಮೊದಲು, ಕಾಗದ ಆಮೇಲೆ. ಆರೋಪ ಮನೆಯವರ ಮೇಲೇ ಇದ್ದರೆ ಪೋಷಕರಿಗೆ ತಿಳಿಸುವ ಮುನ್ನ ಪೊಲೀಸರನ್ನೋ ಮಕ್ಕಳ ರಕ್ಷಣಾ ಅಧಿಕಾರಿಗಳನ್ನೋ ಕೇಳಿ. ಮಗುವಿನಿಂದ ಅಧ್ಯಕ್ಷರ ಮುಂದೆ, ಕಾರ್ಯದರ್ಶಿಯ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ.

ಪ್ರಶ್ನೆ: ನಮ್ಮ ಅತಿ ಯಶಸ್ವಿ ಕೋಚ್ ವಿರುದ್ಧ ಇಬ್ಬರು ಹುಡುಗಿಯರ ಪೋಷಕರಿಂದ ದೂರು ಬಂದಿದೆ. ಪೊಲೀಸರವರೆಗೆ ಹೋಗುವ ಮೊದಲು ಸಮಿತಿಯೇ ಎರಡೂ ಕಡೆಯವರನ್ನು ಕೂರಿಸಿ ವಿಚಾರಿಸೋಣ ಎಂಬ ಅಭಿಪ್ರಾಯವಿದೆ. ಸರಿಯೇ? — ಕ್ಲಬ್ ಅಧ್ಯಕ್ಷ

ಉತ್ತರ: ಸರಿಯಲ್ಲ. ದೂರಿನ ತೂಕ ನೋಡಿ ದಾರಿ ಬೇರೆಯಾಗುತ್ತದೆ. ತಡವಾಗಿ ಬಂದರು, ಒರಟು ಮಾತಾಡಿದರು, ಒಂಟಿ ಮೆಸೇಜ್ ಮಾಡಿದರು ಎಂಬುದನ್ನು ಸಮಿತಿ ವಿಚಾರಿಸಬಹುದು. ಅಪರಾಧವಾಗಿರಬಹುದು ಎನ್ನಿಸುವ ಏನನ್ನೂ ಸಮಿತಿ ಮುಟ್ಟಬಾರದು. ನೀವು ವಿಚಾರಿಸಿದಷ್ಟೂ ಸಾಕ್ಷ್ಯ ಕೆಡುತ್ತದೆ, ಆರೋಪಿಗೆ ಮುನ್ಸೂಚನೆ ಸಿಗುತ್ತದೆ. ಮಕ್ಕಳನ್ನು ಅವರ ಎದುರು ಕೂರಿಸುವುದಂತೂ ಎರಡನೇ ಸಲ ಹಿಂಸೆ ಮಾಡಿದ ಹಾಗೆ.

ಒಳಗೊಳಗೇ ವಿಚಾರಿಸುತ್ತ ಕೂತರೆ ಏನಾಗುತ್ತದೆ ಎಂಬುದಕ್ಕೆ ಲ್ಯಾರಿ ನಾಸರ್ ಪ್ರಕರಣ ನೋಡಿ. ಅವನು ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ. 2015ರ ಜೂನ್‌ನಲ್ಲಿ ಅವನು ಆಟಗಾರ್ತಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಿರುವ ವಿಷಯ ತಿಳಿದ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಮೊದಲು ತಾನೇ ವಿಚಾರಣೆ ನಡೆಸಿತು. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸುವಷ್ಟರಲ್ಲಿ ಸುಮಾರು ಐದು ವಾರ ಕಳೆದಿತ್ತು. ಎಫ್‌ಬಿಐ ಕೂಡ ಚುರುಕಾಗಲಿಲ್ಲ. ಅಷ್ಟು ದಿನವೂ ಅವನು ತಾನು ಕೆಲಸಕ್ಕಿದ್ದ ವಿಶ್ವವಿದ್ಯಾಲಯದಲ್ಲಿ ರೋಗಿಗಳನ್ನು ನೋಡುತ್ತಲೇ ಇದ್ದ, 2016ರವರೆಗೆ. 2018ರ ಜನವರಿಯಲ್ಲಿ ಶಿಕ್ಷೆಯ ವಿಚಾರಣೆಯಲ್ಲಿ 150ಕ್ಕೂ ಹೆಚ್ಚು ಮಂದಿಯ ಹೇಳಿಕೆಗಳನ್ನು ನ್ಯಾಯಾಲಯ ಕೇಳಿತು.

ಅನೇಕ ದೇಶಗಳಲ್ಲಿ ತಿಳಿಸುವುದು ಕಾನೂನಿನ ಕಡ್ಡಾಯ. ಅಮೆರಿಕದಲ್ಲಿ 2018ರಲ್ಲಿ ಜಾರಿಗೆ ಬಂದ ಕಾಯ್ದೆ ಕ್ರೀಡಾ ಒಕ್ಕೂಟಗಳ ಹೊಣೆಗಾರರಿಗೆ 24 ಗಂಟೆಗಳ ಗಡುವು ಹಾಕಿದೆ. ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ಬಗ್ಗೆ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಂ ಒಂದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಅಧ್ಯಕ್ಷರೇ, ಅಲ್ಲಿ ಹೇಳಿರುವುದು ನಿಮ್ಮ ಕುರ್ಚಿಯನ್ನು.

ಹಾಗಾಗಿ ಅದೇ ದಿನ ಪೊಲೀಸರಿಗೆ, ನಂತರ ನಿಮ್ಮ ಕ್ರೀಡೆಯ ಒಕ್ಕೂಟಕ್ಕೆ ತಿಳಿಸಿ. ಕೋಚ್‌ಗೆ ಏನು, ಯಾವಾಗ ಹೇಳಬಹುದು ಎಂದು ಪೊಲೀಸರನ್ನೇ ಕೇಳಿ. ತನಿಖೆ ಮುಗಿಯುವವರೆಗೆ ಅವರನ್ನು ಕ್ಲಬ್ಬಿನ ಎಲ್ಲ ಕೆಲಸದಿಂದ ದೂರವಿಡಿ. ಪತ್ರದಲ್ಲಿ ‘ಇದು ಶಿಕ್ಷೆಯಲ್ಲ, ತೀರ್ಪೂ ಅಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಅವರ ಜೊತೆ ಮಾತಾಡಲು ಸಮಿತಿಯಿಂದ ಒಬ್ಬರನ್ನು ನೇಮಿಸಿ. ಆರೋಪ ಹೊತ್ತವರೂ ಒಂಟಿಯಾಗಬಾರದು. ಉಳಿದ ಪೋಷಕರಿಗೆ ‘ಕೋಚ್ ಸದ್ಯ ರಜೆಯಲ್ಲಿದ್ದಾರೆ, ಅಭ್ಯಾಸ ಇಂಥವರು ನಡೆಸುತ್ತಾರೆ’ ಎಂಬಷ್ಟೇ ಮಾತು. ಹುಡುಗಿಯರು ಯಾರೆಂದು ಊಹೆಗೂ ಎಡೆ ಕೊಡಬೇಡಿ.

ಎಲ್ಲಕ್ಕಿಂತ ಕೆಟ್ಟ ದಾರಿ ಇನ್ನೊಂದಿದೆ, ಅದೇ ಹೆಚ್ಚು ಬಳಕೆಯಲ್ಲಿದೆ: ರಾಜೀನಾಮೆ ಪಡೆದು, ಹೊಗಳಿಕೆಯ ಪತ್ರ ಕೊಟ್ಟು, ಸದ್ದಿಲ್ಲದೆ ಬೀಳ್ಕೊಡುವುದು. ಮುಂದಿನ ಕ್ಲಬ್ಬಿನ ಮಕ್ಕಳಿಗೆ ಅದರ ಬೆಲೆ ಬೀಳುತ್ತದೆ.

ಪ್ರಶ್ನೆ: ಹೊಸ ಕೋಚ್ ಪೊಲೀಸ್ ಪರಿಶೀಲನೆಯ ಪ್ರಮಾಣಪತ್ರ ತಂದಿದ್ದಾರೆ. ಇನ್ನೇನಾದರೂ ನೋಡಬೇಕೆ?

ಉತ್ತರ: ಸಿಕ್ಕಿಬಿದ್ದು ದಾಖಲಾದವರನ್ನಷ್ಟೇ ಆ ಪತ್ರ ಹೇಳುತ್ತದೆ. ಹಿಂದೆ ಕೆಲಸ ಮಾಡಿದ ಎರಡು ಕಡೆಗಾದರೂ ನೀವೇ ಫೋನ್ ಮಾಡಿ. ‘ಹೇಗಿದ್ದರು’ ಎಂದು ಕೇಳಿದರೆ ‘ತುಂಬ ಒಳ್ಳೆಯವರು’ ಎಂದೇ ಬರುತ್ತದೆ. ‘ಮಕ್ಕಳ ಜೊತೆ ಕೆಲಸಕ್ಕೆ ಇವರನ್ನು ಮತ್ತೆ ಕರೆಯುತ್ತೀರಾ?’ ಎಂದು ಕೇಳಿ, ಉತ್ತರಕ್ಕೆ ಮುಂಚಿನ ತಡೆಯನ್ನೂ ಗಮನಿಸಿ. ಕೆಲಸದ ಇತಿಹಾಸದಲ್ಲಿ ಬಿಟ್ಟ ವರ್ಷಗಳಿದ್ದರೆ ಕಾರಣ ಕೇಳಿ. ಮೊದಲ ಮೂರು ತಿಂಗಳು ಅನುಭವಿಗಳ ಜೊತೆಯಲ್ಲೇ ಕೆಲಸ ಮಾಡಲಿ.

ಪ್ರಶ್ನೆ: ಜಿಮ್ನಾಸ್ಟಿಕ್ಸ್, ಈಜು, ಕುಸ್ತಿಯಲ್ಲಿ ಮುಟ್ಟದೆ ಕಲಿಸುವುದು ಹೇಗೆ? ಮುಟ್ಟಿದ್ದೇ ಅಪರಾಧವಾದರೆ ಯಾರು ತಾನೇ ಕೋಚ್ ಆಗುತ್ತಾರೆ?

ಉತ್ತರ: ಮುಟ್ಟುವುದು ಅಪರಾಧ ಎಂದು ಯಾರೂ ಹೇಳಿಲ್ಲ. ಬೀಳುವ ಜಿಮ್ನಾಸ್ಟ್‌ಗೆ ಕೈಯ ಆಸರೆ ಕೊಡದಿರುವುದೇ ಅಪರಾಧ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಮಾಡಿ ತೋರಿಸಿ, ಅದೂ ಸಾಲದಿದ್ದರೆ ‘ನಿನ್ನ ಭುಜ ಹಿಡಿದು ತಿರುಗಿಸಲೇ?’ ಎಂದು ಕೇಳಿ ಮುಟ್ಟಿ. ಯಾವ ಭಾಗ, ಏಕೆ ಎಂಬುದು ಮಗುವಿಗೆ ಮೊದಲೇ ಗೊತ್ತಿರಬೇಕು. ಬೇಡ ಎಂದರೆ ಬೇಡ, ಅದಕ್ಕಾಗಿ ತಂಡದಿಂದ ಹೊರಗಿಡಬಾರದು. ಹೊಸಬರ ಮೊದಲ ದಿನವೇ ಪೋಷಕರಿಗೆ ಕೌಶಲಗಳ ಪಟ್ಟಿ ಕೊಟ್ಟು, ಎಲ್ಲಿ ಕೈಯ ಆಸರೆ ಬೇಕಾಗುತ್ತದೆ ಎಂದು ತೋರಿಸಿದರೆ ಅರ್ಧ ಅನುಮಾನ ಅಲ್ಲಿಗೇ ಕಳೆಯುತ್ತದೆ.

ಮಸಾಜ್, ಫಿಸಿಯೊಥೆರಪಿಗೆ ಇನ್ನೂ ಬಿಗಿ ಬೇಕು. ನಾಸರ್ ಕೆಲವೊಮ್ಮೆ ತಾಯಿಯೋ ತಂದೆಯೋ ಅದೇ ಕೋಣೆಯಲ್ಲಿರುವಾಗಲೇ, ಅವರಿಗೆ ಕಾಣದಂತೆ ನಿಂತು, ಚಿಕಿತ್ಸೆಯ ನೆಪದಲ್ಲಿ ದೌರ್ಜನ್ಯ ಎಸಗಿದ್ದ. ಕೋಣೆಯಲ್ಲಿ ಇನ್ನೊಬ್ಬರಿದ್ದರೆ ಸಾಲದು, ಅವರಿಗೆ ಕಾಣಬೇಕು. ಏನು ಮಾಡುತ್ತಾರೆಂದು ಮೊದಲೇ ವಿವರಿಸಿರಬೇಕು. ಕೋಚ್ ಮಸಾಜ್ ಮಾಡುವುದನ್ನು ಪೂರ್ತಿ ನಿಲ್ಲಿಸುವುದೇ ವಾಸಿ.

ಪ್ರಶ್ನೆ: ಸೋತರೆ ಮಕ್ಕಳಿಗೆ ಇಪ್ಪತ್ತು ಸುತ್ತು ಓಟ. ‘ಶಿಸ್ತು ಬರುತ್ತದೆ’ ಎನ್ನುತ್ತಾರೆ ಕೋಚ್. ಇದು ಸುರಕ್ಷತೆಯ ವಿಷಯವೇ?

ಉತ್ತರ: ಹೌದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2016ರ ತಜ್ಞರ ಹೇಳಿಕೆ ಲೈಂಗಿಕ ಕಿರುಕುಳದ ಜೊತೆಗೆ ಮಾನಸಿಕ ಹಿಂಸೆ, ದೈಹಿಕ ಹಿಂಸೆ, ಅಲಕ್ಷ್ಯ ಇವನ್ನೂ ಅದೇ ಸಾಲಿನಲ್ಲಿ ಇಟ್ಟಿದೆ. ಅವಮಾನವನ್ನು ನುಂಗಿಕೊಳ್ಳಲು ಕಲಿತ ತಂಡದಲ್ಲಿ ಬೇರೆ ದೂರುಗಳೂ ಹೊರಬರುವುದಿಲ್ಲ.

ದೇಹದ ಕಡೆಯಿಂದ ನೋಡಿದರೂ ಇದು ಅಪಾಯಕರ. ಅಭ್ಯಾಸದ ಓಟಕ್ಕೆ ಮಿತಿ ಇರುತ್ತದೆ. ಶಿಕ್ಷೆಯ ಓಟದಲ್ಲಿ ‘ಸಾಕಾಯಿತು’ ಎಂದವರಿಗೆ ಇನ್ನೆರಡು ಸುತ್ತು ಹೆಚ್ಚು. ದಣಿದವರು ನಿಲ್ಲುವ ಸ್ವಾತಂತ್ರ್ಯ ಹೋದಾಗಲೇ ಶಾಖಾಘಾತವಾಗುವುದು. ಬಿಸಿಲಿಗೆ ಮೈ ಒಗ್ಗಲು 7ರಿಂದ 14 ದಿನ ಬೇಕು, ಹಾಗಾಗಿ ರಜೆ ಮುಗಿಸಿ ಬಂದ ಮೊದಲ ವಾರ ಎಲ್ಲಕ್ಕಿಂತ ಅಪಾಯದ್ದು. ಓಡುತ್ತಿದ್ದವರು ತಡವರಿಸಿದರೆ, ಸಂಬಂಧವಿಲ್ಲದ ಮಾತಾಡಿದರೆ, ಸಿಟ್ಟಿಗೆದ್ದರೆ, ಕುಸಿದರೆ ಶಾಖಾಘಾತವೆಂದೇ ತಿಳಿಯಿರಿ. ಬೆವರು ಇದೆ, ಹಾಗಾಗಿ ಶಾಖಾಘಾತವಲ್ಲ ಎಂಬುದು ತಪ್ಪು. ಆಡುವಾಗ ಬಂದದ್ದರಲ್ಲಿ ಮೈ ಒದ್ದೆಯೇ ಇರುತ್ತದೆ. ಆ್ಯಂಬುಲೆನ್ಸ್ ಕರೆಸಿ, ಆದರೆ ಅದು ಬರುವವರೆಗೆ ಕಾಯದೆ ತಣಿಸಲು ತೊಡಗಿ. ಮೊದಲು ತಣಿಸಬೇಕು, ಸಾಗಿಸುವುದು ಆಮೇಲೆ. ಕುತ್ತಿಗೆವರೆಗೆ ತಣ್ಣೀರಿನ ತೊಟ್ಟಿ ಉತ್ತಮ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ಅಂಚುಗಳನ್ನು ನಾಲ್ಕಾರು ಜನ ಎತ್ತಿ ಹಿಡಿದು, ನಡುವೆ ಮಲಗಿಸಿ, ಮಂಜುಗಡ್ಡೆ ಬೆರೆಸಿದ ನೂರು ಲೀಟರಿನಷ್ಟು ನೀರು ಸುರಿದು ಅಲುಗಾಡಿಸಿ. ತಲೆ ನೀರಿನ ಮೇಲಿರಲಿ. ಕುಸಿದ ಅರ್ಧ ಗಂಟೆಯೊಳಗೆ ಮೈ ತಣಿದರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ.

ಪ್ರಶ್ನೆ: ತಲೆಗೆ ಪೆಟ್ಟು ಬಿದ್ದ ಹುಡುಗ ‘ಏನಾಗಿಲ್ಲ, ಆಡ್ತೀನಿ’ ಎನ್ನುತ್ತಾನೆ. ಪ್ರಜ್ಞೆ ತಪ್ಪಿಲ್ಲ. ಬಿಡಬಹುದೇ?

ಉತ್ತರ: ಬಿಡಬಾರದು. ಪೆಟ್ಟಿನಿಂದ ಮೆದುಳು ಅಲುಗಿ ಆಗುವ ತೊಂದರೆಗೆ ಕನ್ಕಷನ್ ಎನ್ನುತ್ತಾರೆ, ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಅನುಮಾನ ಬಂದರೆ ಅವತ್ತಿನ ಆಟ ಮುಗಿಯಿತು. ‘ಈಗ ಎಲ್ಲಿದ್ದೇವೆ, ಮೊದಲರ್ಧವೋ ಎರಡನೆಯದೋ, ಕೊನೆಯ ಗೋಲು ಯಾರದ್ದು, ಹಿಂದಿನ ಪಂದ್ಯ ಯಾರ ಜೊತೆ’ ಎಂದು ಕೇಳಬಹುದು. ತಪ್ಪು ಹೇಳಿದರೆ ಕನ್ಕಷನ್ ಎಂದೇ ಹಿಡಿಯಿರಿ. ಸರಿ ಹೇಳಿದ ಮಾತ್ರಕ್ಕೆ ಒಳಗೆ ಕಳಿಸಬೇಡಿ. ಲಕ್ಷಣ ಕೆಲವು ಗಂಟೆ ಬಿಟ್ಟೂ ಬರುತ್ತದೆ. ಕುತ್ತಿಗೆ ನೋವು, ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎರಡೆರಡಾಗಿ ಕಾಣುವುದು, ಕೈಕಾಲು ಜುಮ್ಮೆನ್ನುವುದು, ಸೆಳವು, ಮಂಪರು ಇವುಗಳಲ್ಲಿ ಯಾವುದಿದ್ದರೂ ತಕ್ಷಣ ಆಸ್ಪತ್ರೆ. ಕುತ್ತಿಗೆಯ ಅನುಮಾನವಿದ್ದರೆ ತರಬೇತಿ ಪಡೆದವರು ಬರುವವರೆಗೆ ಅಲುಗಾಡಿಸಬೇಡಿ.

ಮನೆಗೆ ಹೋದರೂ ಒಂಟಿಯಾಗಿ ಬಿಡಬಾರದು. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್, ಟಿ.ವಿ. ಕಡಿಮೆ, ಹಗುರ ನಡಿಗೆ ಆಗಬಹುದು. ಆಮೇಲೆ ಹಂತಹಂತವಾಗಿ, ಒಂದು ಹಂತಕ್ಕೆ ಕನಿಷ್ಠ ಒಂದು ದಿನ. ಬ್ರಿಟನ್ 2023ರಲ್ಲಿ ಹವ್ಯಾಸಿ ಕ್ರೀಡೆಗೆಂದು ಹೊರತಂದ ಮಾರ್ಗಸೂಚಿಯಲ್ಲಿ 21 ದಿನಕ್ಕಿಂತ ಮೊದಲು ಪಂದ್ಯಕ್ಕೆ ಮರಳುವಂತಿಲ್ಲ. ವೈದ್ಯರಿಲ್ಲದ ಚಿಕ್ಕ ಕ್ಲಬ್‌ಗಳಿಗೆ ಈ ಲೆಕ್ಕ ಒಳ್ಳೆಯದು. ವಾದಕ್ಕೆ ಜಾಗವೇ ಇರುವುದಿಲ್ಲ. ನಿರ್ಧಾರ ಪಂದ್ಯ ಗೆಲ್ಲಬೇಕಾದ ಕೋಚ್ ಕೈಯಲ್ಲಿ ಇರಬಾರದು, ಹುಡುಗನ ಕೈಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ಹದಿನಾರರ ಓಟಗಾರ್ತಿಗೆ ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ. ‘ಕಠಿಣ ಅಭ್ಯಾಸ ಮಾಡುವವರಿಗೆ ಸಹಜ’ ಎನ್ನುತ್ತಾರೆ. ಕುಸ್ತಿಯ ಹುಡುಗರು ತೂಕ ಇಳಿಸಲು ಉಪವಾಸ ಮಾಡುತ್ತಾರೆ. ಎರಡೂ ಸರಿಯೇ?

ಉತ್ತರ: ಎರಡೂ ಸರಿಯಲ್ಲ. ಮೂರು ತಿಂಗಳು ಮುಟ್ಟು ನಿಂತರೆ, ಅಥವಾ 15 ತುಂಬಿದರೂ ಶುರುವಾಗದಿದ್ದರೆ ವೈದ್ಯರನ್ನು ಕಾಣಬೇಕು. ಖರ್ಚಾಗುವ ಶಕ್ತಿಗೆ ತಕ್ಕ ಆಹಾರ ಸಿಗದಾಗ ದೇಹ ಮೊದಲು ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಕಡಿತ ಮಾಡುತ್ತದೆ. ಹಿಂದೆಯೇ ಮೂಳೆ ಸಡಿಲವಾಗುತ್ತದೆ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಕಳೆದದ್ದು ಪೂರ್ತಿ ಮರಳಿ ಬರುವುದಿಲ್ಲ. ಮೊಣಕಾಲ ಕೆಳಗೆ ಪದೇಪದೇ ಮೂಳೆ ಬಿರುಕು ಬಿಡುವುದು, ಸದಾ ಶೀತ, ಅಕಾರಣ ಸಿಡುಕು ಇದರ ಗುರುತುಗಳು. ಹುಡುಗರಿಗೂ ಆಗುತ್ತದೆ, ಆದರೆ ಎಚ್ಚರಿಸಲು ಮುಟ್ಟಿನಂಥ ಸೂಚನೆ ಇಲ್ಲ. ಎಲ್ಲರ ಮುಂದೆ ತೂಕ ನೋಡಿ ಕೂಗಿ ಹೇಳುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ.

ಕುಸ್ತಿಯ ವಿಷಯಕ್ಕೆ ಬಂದರೆ, 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಮಂಡಳಿ ಎನ್‌ಸಿಎಎ ರಬ್ಬರ್ ಉಡುಪನ್ನೂ ಹಬೆಕೋಣೆಯನ್ನೂ ನಿಷೇಧಿಸಿ, ತೂಕ ನೋಡುವ ಹೊತ್ತನ್ನು ಪಂದ್ಯದ ಸಮೀಪಕ್ಕೆ ತಂದಿತು. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಎಂದಿತು. ಅದು ಬೆಳೆದವರಿಗೆ ಮಾಡಿದ ಮಿತಿ. ಬೆಳೆಯುವ ಹುಡುಗ ಮೇಲಿನ ತೂಕದ ವಿಭಾಗದಲ್ಲಿ ಆಡಲಿ.

ಪ್ರಶ್ನೆ: ಕ್ಲಬ್ಬಿನ ಪುಟದಲ್ಲಿ ಮಕ್ಕಳ ಫೋಟೊ ಹಾಕಬಹುದೇ?

ಉತ್ತರ: ಪೋಷಕರ ಲಿಖಿತ ಒಪ್ಪಿಗೆ, ಮಗುವಿನ ಬಾಯಿಮಾತಿನ ಒಪ್ಪಿಗೆ ಎರಡೂ ಇದ್ದರೆ ಹಾಕಬಹುದು. ಫೋಟೊ ಇದ್ದರೆ ಪೂರ್ತಿ ಹೆಸರು ಬೇಡ. ಹೆಸರು ಇದ್ದರೆ ಫೋಟೊ ಬೇಡ. ಶಾಲೆ, ಅಭ್ಯಾಸದ ಹೊತ್ತು, ಈಗ ಎಲ್ಲಿದ್ದಾರೆ ಎಂಬುದು ಸೇರಿಬಿಟ್ಟರೆ ಅಪರಿಚಿತರಿಗೆ ದಾರಿ ತೋರಿಸಿದಂತೆ. ಹೊರ ಊರಿನ ಪಂದ್ಯದ ಚಿತ್ರಗಳನ್ನು ವಾಪಸಾದ ಮೇಲೆ ಹಾಕಿ. ಒಂದು ಮಾತು ವಿಶೇಷವಾಗಿ: ತಂದೆತಾಯಿ ಬೇರೆಯಾಗಿ, ಒಬ್ಬರಿಂದ ಅಡಗಿ ಬದುಕುವ ಮಕ್ಕಳೂ ಕ್ಲಬ್ಬಿನಲ್ಲಿರಬಹುದು. ಒಪ್ಪಿಗೆ ಕೊಡದವರಿಂದ ಕಾರಣ ಕೇಳಬೇಡಿ, ಗುಂಪಿನ ಫೋಟೊದಲ್ಲಿ ಅವರ ಮಗು ಎದ್ದು ಕಾಣುವಂತೆ ಪಕ್ಕಕ್ಕೂ ನಿಲ್ಲಿಸಬೇಡಿ.

ಪ್ರಶ್ನೆ: ಕೆಲವು ಪೋಷಕರು ಸದಾ ಒಂದು ಗಂಟೆ ತಡ. ಕೊನೆಗೆ ನಾನೇ ಮಗುವನ್ನು ಬೈಕಿನಲ್ಲಿ ಬಿಟ್ಟು ಬರುತ್ತೇನೆ. ತಪ್ಪೇ? — ಕೋಚ್

ಉತ್ತರ: ಉದ್ದೇಶ ಒಳ್ಳೆಯದು, ಅಭ್ಯಾಸ ಒಳ್ಳೆಯದಲ್ಲ. ಸೇರುವಾಗಲೇ ಪ್ರತಿ ಮಗುವಿಗೆ ಎರಡು ತುರ್ತು ಸಂಖ್ಯೆ, ಕರೆದೊಯ್ಯಬಹುದಾದವರ ಹೆಸರು ಬರೆಸಿಕೊಳ್ಳಿ. ಹತ್ತು ನಿಮಿಷ ತಡವಾದರೆ ಮೊದಲ ಸಂಖ್ಯೆಗೆ, ಅಲ್ಲಿ ಸಿಗದಿದ್ದರೆ ಎರಡನೆಯದಕ್ಕೆ ಕರೆ. ಕೊನೆಯ ಮಗು ಹೋಗುವವರೆಗೆ ನೀವೂ ಇನ್ನೊಬ್ಬರೂ ಬೆಳಕಿರುವ ಬಯಲಲ್ಲಿ ಕಾಯಿರಿ; ಆ ಎರಡನೆಯವರಿಗೂ ಸರದಿ ಹಾಕಿರಬೇಕು. ಯಾರೂ ಸಿಗದಿದ್ದರೆ ಸುರಕ್ಷತೆಯ ಹೊಣೆಗಾರರಿಗೆ ಫೋನ್, ಅವರ ಮೂಲಕ ಮುಂದಿನ ನಿರ್ಧಾರ. ಬಿಡಲೇಬೇಕಾಗಿ ಬಂದರೆ ಪೋಷಕರ ಒಪ್ಪಿಗೆಯ ಮೆಸೇಜ್, ಇನ್ನೊಬ್ಬ ದೊಡ್ಡವರು ಜೊತೆಯಲ್ಲಿ, ಹೊರಟ ಹೊತ್ತು ಮತ್ತು ತಲುಪಿದ ಹೊತ್ತು ದಾಖಲು. ಬೈಕಿನಲ್ಲಿ ಮೂರನೆಯವರಿಗೆ ಜಾಗವಿಲ್ಲ, ಹಾಗಾಗಿ ಬೈಕ್ ಲೆಕ್ಕಕ್ಕೇ ಇಲ್ಲ. ತಿಂಗಳಲ್ಲಿ ಮೂರು ಸಲ ತಡವಾದವರ ಮನೆಯ ಸ್ಥಿತಿ ಏನೆಂದು ಮೆಲ್ಲಗೆ ವಿಚಾರಿಸಿ. ಕೆಲವೊಮ್ಮೆ ಅದು ಬರೀ ಸೋಮಾರಿತನವಾಗಿರುವುದಿಲ್ಲ. ಮಗುವನ್ನು ನೋಡಿಕೊಳ್ಳುವವರೇ ಆ ಮನೆಯಲ್ಲಿ ಇರುವುದಿಲ್ಲ.

ಪ್ರಶ್ನೆ: ಹಿರಿಯ ಆಟಗಾರರು ಹೊಸಬರನ್ನು ‘ಸ್ವಾಗತಿಸುವ’ ಪದ್ಧತಿ ನಮ್ಮಲ್ಲಿದೆ. ‘ನಾವೂ ಅನುಭವಿಸಿದ್ದೇವೆ’ ಎನ್ನುತ್ತಾರೆ. ಎಲ್ಲರೂ ಹದಿನೆಂಟು ದಾಟಿದವರು.

ಉತ್ತರ: ವಯಸ್ಸು ದಾಟಿದ್ದರಿಂದ ಒಪ್ಪಿಗೆ ಸಿಕ್ಕಿತು ಎಂದಾಗುವುದಿಲ್ಲ. ತಂಡಕ್ಕೆ ಸೇರಬೇಕೆಂಬ ಆಸೆಯಲ್ಲಿ ‘ಆಗಲಿ’ ಎಂದದ್ದು ಒಪ್ಪಿಗೆಯಲ್ಲ. ಬಲವಂತವಾಗಿ ಕುಡಿಸುವುದು, ಬಟ್ಟೆ ಬಿಚ್ಚಿಸುವುದು, ಕಟ್ಟಿಹಾಕುವುದು, ವಿಡಿಯೊ ಮಾಡುವುದು ಬಹುತೇಕ ಕಡೆ ನೇರವಾಗಿ ಅಪರಾಧಗಳೇ. ನಿಲ್ಲಿಸುವ ಕೆಲಸ ನಾಯಕನಿಂದ ಶುರುವಾಗಲಿ: ಋತುವಿನ ಮೊದಲ ಸಭೆಯಲ್ಲಿ ಇಂಥದ್ದು ನಡೆದರೆ ಇಡೀ ತಂಡ ಒಂದು ಪಂದ್ಯ ಕಳೆದುಕೊಳ್ಳುತ್ತದೆ ಎಂದು ಬರೆದು ಓದಿ, ನಾಯಕನ ಸಹಿ ಹಾಕಿಸಿ. ಹೊರ ಊರಿನ ಪ್ರವಾಸದ ಮೊದಲ ರಾತ್ರಿ ವ್ಯವಸ್ಥಾಪಕರು ಎಚ್ಚರವಾಗಿರಲಿ. ಇಂಥ ‘ಸ್ವಾಗತ’ ಸಾಮಾನ್ಯವಾಗಿ ನಡೆಯುವುದು ಆಗಲೇ.